ಮಂಚದ ಬದಿಯ ಪಾಠ

ಬೆಳಗಿನ ಹೊತ್ತು ಕಾಸರಗೋಡಿನಿಂದಲೋ ಕುಂಬಳೆಯಿಂದಲೋ ಮಂಗಳೂರಿನ ಕಡೆಗೆ ರೈಲು ಹತ್ತಿದವರಿಗೆ ಅವರು ಹೊಸಬರಲ್ಲ. ಕಿಟಕಿಗೆ ತಲೆ ಆನಿಸಿ ತೂಕಡಿಸುವ ಹುಡುಗಿ, ಮಡಿಲಲ್ಲಿ ದಪ್ಪದ ರೆಕಾರ್ಡ್ ಪುಸ್ತಕ, ಚೀಲದಲ್ಲಿ ಇಸ್ತ್ರಿ ಹಾಕಿ ಮಡಚಿಟ್ಟ ಬಿಳಿ ಕೋಟು. ಎದುರಿನ ಸೀಟಿನಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆಯನ್ನು ಎದೆಗವಚಿಕೊಂಡ ಒಬ್ಬ ಅಜ್ಜ, ಜತೆಗೆ ಮಗ. ಅವರೆಲ್ಲ ಇಳಿಯುವುದು ಒಂದೇ ಸ್ಟೇಷನ್ನಿನಲ್ಲಿ. ಗಂಟೆ ಕಳೆದರೆ ಒಂದೇ ವಾರ್ಡಿನಲ್ಲಿ ಮತ್ತೆ ಎದುರಾದರೂ ಆದಾರು. ಅಜ್ಜ ಮಂಚದ ಮೇಲೆ, ಹುಡುಗಿ ಮಂಚದ ಬದಿಯಲ್ಲಿ.

ಅಜ್ಜನ ಕಷ್ಟ ನಮಗೆಲ್ಲ ಗೊತ್ತು. ಹುಡುಗಿಯದ್ದು ಅಷ್ಟಾಗಿ ಗೊತ್ತಿಲ್ಲ. ಅವಳಿಗೆ ಅದು ಪಾಠದ ಹೊತ್ತು. ಬೆಂಚಿಲ್ಲ, ಕರಿಹಲಗೆಯಿಲ್ಲ, ಇನ್ನೊಬ್ಬರ ನೋವೇ ಪಠ್ಯ. ಇಂಥ ಪಾಠ ನಮ್ಮ ಕರಾವಳಿಗೆ ಹೇಗೆ ಬಂತು, ಕಲಿಯಹೋದವರು ಏನೇನು ಪಟ್ಟರು, ನಡುವೆ ಒಂದು ರಾಜ್ಯದ ಗಡಿ ಎದ್ದು ನಿಂತ ಮೇಲೆ ಏನಾಯಿತು, ಇದನ್ನು ಇವತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ರೋಗಿಯ ಆರೈಕೆಗೆ ಬೇರೆ ಶಾಲೆ ಇರಲಿಲ್ಲ. ಹೆರಿಗೆಗೆ ಊರಿನ ಸೂಲಗಿತ್ತಿ, ಜ್ವರಕ್ಕೆ ಮನೆಯ ಹಿರಿಯ ಹೆಂಗಸು, ಗಂಜಿತಿಳಿ, ಕಷಾಯ, ಹಣೆಗೊಂದು ಒದ್ದೆ ಬಟ್ಟೆ. ದಾದಿ ಎಂಬ ಪದ ಇತ್ತು. ಆದರೆ ಅದು ಮಗುವಿಗೆ ಹಾಲೂಡಿಸುವ, ಎತ್ತಿ ಆಡಿಸುವ ಹೆಂಗಸಿನ ಹೆಸರು. ಆಸ್ಪತ್ರೆಯ ನರ್ಸಿಗೆ ಒಂದು ಹೆಸರು ಬೇಕಾದಾಗ ಬರೆಯುವ ಕನ್ನಡ ಆ ಹಳೆಯ ಪದವನ್ನೇ ಎತ್ತಿಕೊಂಡಿತು. ಜನರ ಬಾಯಲ್ಲಿ ಮಾತ್ರ ತಲಪಾಡಿಯ ಆಚೆಗೂ ಈಚೆಗೂ ‘ಸಿಸ್ಟರ್’ ಎಂದೇ ಉಳಿಯಿತು. ಇಂಗ್ಲಿಷರ ಆಸ್ಪತ್ರೆಗಳಲ್ಲಿ ವಾರ್ಡಿನ ಮುಖ್ಯ ದಾದಿಯನ್ನು ಹಾಗೆ ಕರೆಯುತ್ತಿದ್ದರು. ನಮ್ಮಲ್ಲಿ ಮೊದಮೊದಲು ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಕ್ರೈಸ್ತ ಸನ್ಯಾಸಿನಿಯರೂ ಬಹಳ ಮಂದಿ ಇದ್ದರು.

ಮಂಗಳೂರಿನ ಈಗಿನ ವೆನ್ಲಾಕ್ ಆಸ್ಪತ್ರೆಯ ಬೇರು 1848ರಷ್ಟು ಹಿಂದಕ್ಕೆ, ಈಸ್ಟ್ ಇಂಡಿಯಾ ಕಂಪೆನಿಯ ಕಾಲಕ್ಕೆ ಹೋಗುತ್ತದೆ. ಹೆಸರು ಬಂದದ್ದು ಆಮೇಲೆ, 1891ರಿಂದ 1896ರ ತನಕ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್‌ನಿಂದ. 1880ರಲ್ಲಿ ಜರ್ಮನಿಯ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡತೊಡಗಿದರು. 1890ರಲ್ಲಿ ಅಲ್ಲಿಯೇ ಕುಷ್ಠರೋಗಿಗಳಿಗೊಂದು ಆಶ್ರಯ, 1902ರಲ್ಲಿ ಪ್ಲೇಗು ಬಂದಾಗ ಪ್ಲೇಗಿನವರಿಗೊಂದು ಆಸ್ಪತ್ರೆ. ಉಡುಪಿಯಲ್ಲಿ 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ ಹೆಂಗಸರಿಗೂ ಮಕ್ಕಳಿಗೂ ಒಂದು ಸಣ್ಣ ಆಸ್ಪತ್ರೆ ತೆರೆದರು. ಕುಷ್ಠ, ಪ್ಲೇಗು, ಹೆರಿಗೆ. ಮೂರೂ ನಮ್ಮ ಸಮಾಜ ಮುಟ್ಟಲು ಹಿಂಜರಿದ ಸಂಗತಿಗಳೇ ಎಂಬುದನ್ನು ಗಮನಿಸಿ. ಕುಷ್ಠಕ್ಕೂ ಪ್ಲೇಗಿಗೂ ಹೆದರಿದರು, ಹೆರಿಗೆಗೆ ಮೈಲಿಗೆ ಎಂದರು.

ಆದ್ದರಿಂದಲೇ ಮನೆಯವರು ಹೆಣ್ಣುಮಗಳನ್ನು ಈ ಕೆಲಸಕ್ಕೆ ಕಳಿಸುತ್ತಿರಲಿಲ್ಲ. ಪರಪುರುಷನ ಮೈ ಒರೆಸಬೇಕು, ಮಲಮೂತ್ರದ ಪಾತ್ರೆ ಎತ್ತಬೇಕು, ಯಾವ ಜಾತಿಯವನಿಗೂ ಬಾಯಿಗೆ ನೀರು ಬಿಡಬೇಕು, ರಾತ್ರಿ ಮನೆಯ ಹೊರಗೆ ಇರಬೇಕು. ಮಡಿವಂತಿಕೆಯ ಪಟ್ಟಿಯಲ್ಲಿ ಬೇಡವೆಂದಿದ್ದ ಎಲ್ಲವೂ ಈ ಒಂದೇ ಉದ್ಯೋಗದಲ್ಲಿ ಕೂಡಿಬಂದಿತ್ತು. ದೇಶದಲ್ಲೆಲ್ಲ ಮೊದಲ ತಲೆಮಾರಿನ ದಾದಿಯರು ಹೆಚ್ಚಾಗಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು, ಭಾರತೀಯ ಕ್ರೈಸ್ತರು ಆಗಿದ್ದುದು ಇದೇ ಕಾರಣಕ್ಕೆ. ತಿರುವಾಂಕೂರಿನ ಮಹಾರಾಜರು ತಮ್ಮ ಆಸ್ಪತ್ರೆಗೆ ದಾದಿಯರು ಬೇಕೆಂದು 1906ರಲ್ಲಿ ಸ್ವಿಟ್ಜರ್ಲೆಂಡಿನಿಂದ ಹೋಲಿ ಕ್ರಾಸ್ ಸನ್ಯಾಸಿನಿಯರನ್ನು ಕರೆಸಿಕೊಳ್ಳಬೇಕಾಯಿತು. ಇವತ್ತು ಲೋಕಕ್ಕೆಲ್ಲ ದಾದಿಯರನ್ನು ಕಳಿಸುವ ಕೇರಳಕ್ಕೂ ಒಂದು ಕಾಲದಲ್ಲಿ ದಾದಿಯರು ಹಡಗಿನಲ್ಲಿ ಬಂದಿದ್ದರು!

ಇನ್ನು ತರಬೇತಿಯ ಮಾತು. ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಶಾಲೆಗೆ ಹೋದ ಮಕ್ಕಳಿಗೆಲ್ಲ ಗೊತ್ತು. ದೀಪ ಹಿಡಿದ ಚಿತ್ರವೂ ಗೊತ್ತು. ಆಕೆ ಮಾಡಿದ ದೊಡ್ಡ ಕೆಲಸ ದೀಪದ್ದಲ್ಲ, ಶಾಲೆಯದ್ದು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 15 ಮಂದಿ ಹೆಂಗಸರನ್ನು ಇಟ್ಟುಕೊಂಡು ಶುರುವಾದ ಆ ಶಾಲೆಯ ಕ್ರಮ ಸರಳವಾಗಿತ್ತು. ಆಸ್ಪತ್ರೆಯಲ್ಲೇ ವಾಸ, ವಾರ್ಡಿನಲ್ಲಿ ಹಿರಿಯ ಸಿಸ್ಟರಿನ ಕೈಕೆಳಗೆ ಕೆಲಸ, ನಡುನಡುವೆ ಪಾಠ. 1871ರಲ್ಲಿ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಮೊದಲಾಯಿತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸಿಗೆ ಸೇರಿದ್ದು. ಮದರಾಸಿನ ಕಾಯಿದೆಯೇ ನಮ್ಮ ಕಾಯಿದೆ, ಮದರಾಸಿನ ಪದ್ಧತಿಯೇ ನಮ್ಮ ಪದ್ಧತಿ. 1926ರಲ್ಲಿ ಮದರಾಸ್ ಸರಕಾರ ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆ ಮಾಡಿದ ಮೇಲೆ ತರಬೇತಾದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡುವುದು ರೂಢಿಗೆ ಬಂತು.

ಈ ಪದ್ಧತಿಯಲ್ಲಿ ಒಂದು ಒಳಗುಟ್ಟು ಇತ್ತು. ಕಲಿಯಬಂದ ಹುಡುಗಿ ವಾರ್ಡಿಗೆ ಎರಡು ಕೈ. ಆಸ್ಪತ್ರೆ ಅವಳಿಗೆ ಊಟ, ವಸತಿ, ಸಮವಸ್ತ್ರ, ಚೂರು ಭತ್ಯ ಕೊಡುತ್ತಿತ್ತು. ಬದಲಿಗೆ ಅವಳು ನೆಲ ಒರೆಸುವುದರಿಂದ ಹಿಡಿದು ರಾತ್ರಿ ಪಾಳಿಯ ತನಕ ದುಡಿಯುತ್ತಿದ್ದಳು. ಹಿಂದಿನ ರಾತ್ರಿ ಪೂರ್ತಿ ವಾರ್ಡಿನಲ್ಲಿ ನಿಂತವಳು ಬೆಳಗ್ಗೆ ಅಂಗರಚನೆಯ ಪಾಠಕ್ಕೆ ಕುಳಿತರೆ ಕಣ್ಣು ತೆರೆದೀತೇ? ಪಾಠವಿಲ್ಲದಿದ್ದರೆ ಆಸ್ಪತ್ರೆ ನಡೆದೀತು, ಅವಳು ಇಲ್ಲದಿದ್ದರೆ ನಡೆಯದು ಎಂಬಂತಿತ್ತು. ಅವಳನ್ನು ಮೊದಲು ಆಳೆಂದು ಲೆಕ್ಕಕ್ಕೆ ಹಿಡಿಯುತ್ತಿದ್ದರು, ವಿದ್ಯಾರ್ಥಿ ಎಂಬುದು ಆಮೇಲೆ. ನನ್ನ ಮಟ್ಟಿಗೆ ದಾದಿಯರ ತರಬೇತಿಯ ಚರಿತ್ರೆಯಲ್ಲಿ ಉಳಿದೆಲ್ಲ ತೊಂದರೆಗಳ ತಾಯಿಬೇರು ಇದೇ.

ಸ್ವಾತಂತ್ರ್ಯಕ್ಕೆ ಸ್ವಲ್ಪ ಮೊದಲು, 1943ರಲ್ಲಿ, ಸರ್ ಜೋಸೆಫ್ ಭೋರ್ ಎಂಬವರ ಅಧ್ಯಕ್ಷತೆಯಲ್ಲಿ ದೇಶದ ಆರೋಗ್ಯ ಪರಿಸ್ಥಿತಿ ನೋಡಲು ಒಂದು ಸಮಿತಿ ಕುಳಿತಿತು. 1946ರಲ್ಲಿ ಅದು ಕೊಟ್ಟ ವರದಿಯ ಒಂದು ಲೆಕ್ಕ ಕೇಳಿ. ಆಗ ಸುಮಾರು 43,000 ಜನರಿಗೆ ಒಬ್ಬ ದಾದಿ. ವೈದ್ಯರು 6,300 ಜನರಿಗೆ ಒಬ್ಬರು. ಅಂದರೆ ಮದ್ದು ಬರೆದುಕೊಡುವವರಿಗಿಂತ ಅದನ್ನು ಹೊತ್ತುಹೊತ್ತಿಗೆ ಕುಡಿಸುವವರು ಎಷ್ಟೋ ಕಡಿಮೆ. ದಾದಿಯರ ದುಡಿಮೆಯ ಮತ್ತು ವಾಸದ ಸ್ಥಿತಿ ಕಳಪೆಯಾಗಿದೆ, ಅದು ಸುಧಾರಿಸದೆ ಹುಡುಗಿಯರು ಬರಲಾರರು ಎಂದೂ ಆ ಸಮಿತಿ ಕಂಡುಕೊಂಡಿತು. ಅದೇ 1946ರಲ್ಲಿ ವೆಲ್ಲೂರಿನಲ್ಲೂ ದೆಹಲಿಯಲ್ಲೂ ನರ್ಸಿಂಗಿಗೆ ಪದವಿ ಶಿಕ್ಷಣ ಆರಂಭವಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲಿನ ಕಾಯಿದೆ ಬಂತು. ಕಲಿಯುವವರು ಎಷ್ಟು ಗಂಟೆ ಪಾಠ ಕೇಳಬೇಕು, ಎಷ್ಟು ಗಂಟೆ ವಾರ್ಡಿನಲ್ಲಿರಬೇಕು ಎಂಬುದಕ್ಕೆ ದೇಶಕ್ಕೊಂದು ಅಳತೆ ಸಿಕ್ಕಿತು. ಕಾಗದದ ಮೇಲೆ, ಅನ್ನಿ.

ಈಗ ನಮ್ಮ ಊರಿಗೆ ಬರೋಣ. 1956ರ ಅಕ್ಟೋಬರ್ 31ರ ರಾತ್ರಿಯ ತನಕ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು. ವೆನ್ಲಾಕ್ ನಮ್ಮದೇ ಜಿಲ್ಲಾ ಆಸ್ಪತ್ರೆ. 1907ರಲ್ಲಿ ರೈಲು ಮಂಗಳೂರಿಗೆ ಮುಟ್ಟಿದ ಮೇಲಂತೂ ‘ದೊಡ್ಡಾಸ್ಪತ್ರೆಗೆ ಹೋಗುವುದು’ ಎಂದರೆ ಮಂಗಳೂರಿಗೆ ಹೋಗುವುದು ಎಂದೇ ಅರ್ಥ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದಾಗ ಅಲ್ಲಿನ ವಿದ್ಯಾರ್ಥಿಗಳು ಮಂಚದ ಬದಿಯ ಪಾಠಕ್ಕೆ ನಿಂತದ್ದೂ ವೆನ್ಲಾಕಿನಲ್ಲಿಯೇ. ಮರುದಿನ, ನವೆಂಬರ್ 1ರಂದು, ನಾವು ಕೇರಳದವರಾದೆವು. ಕಣ್ಣೂರು ಜಿಲ್ಲಾ ಕೇಂದ್ರವಾಯಿತು. 1957ರಲ್ಲಿ ಕೋಝಿಕ್ಕೋಡಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ತೆರೆಯಿತು. ಒಳ್ಳೆಯದೇ ಆಯಿತು, ಆದರೆ ಮಂಜೇಶ್ವರದ ರೋಗಿಗೆ ಅದು ಎಷ್ಟು ದೂರ, ಮಂಗಳೂರು ಎಷ್ಟು ಹತ್ತಿರ ಎಂಬುದನ್ನು ನಿಮಗೆ ನಾನು ಹೇಳಬೇಕೇ? ನಮಗೆಂದೇ ಜಿಲ್ಲೆಯಾದದ್ದು 1984ರ ಮೇ 24ರಂದು.

ಗಡಿ ರಸ್ತೆಯಲ್ಲಿ ಮಾತ್ರ ಬೀಳಲಿಲ್ಲ, ಸರ್ಟಿಫಿಕೇಟಿನ ಮೇಲೂ ಬಿತ್ತು. ಕೇರಳದಲ್ಲಿ ದಾದಿಯರ ನೋಂದಣಿ ನಡೆಯುವುದು 1953ರ ತಿರುವಾಂಕೂರು–ಕೊಚ್ಚಿ ಕಾಯಿದೆಯಂತೆ, ಕರ್ನಾಟಕದಲ್ಲಿ 1961ರ ಕಾಯಿದೆಯಂತೆ. ಮಂಗಳೂರಿನಲ್ಲಿ ಕಲಿತವಳು ಕಾಸರಗೋಡಿನಲ್ಲಿ ಕೆಲಸ ಮಾಡಬೇಕಾದರೆ ಒಂದು ಕಡೆಯ ರಿಜಿಸ್ಟರಿನಿಂದ ಇನ್ನೊಂದು ಕಡೆಯ ರಿಜಿಸ್ಟರಿಗೆ ಹೆಸರು ದಾಟಿಸಬೇಕು. ಡ್ರೆಸ್ಸಿಂಗ್ ಕಟ್ಟುವ ಕೈ ಅದೇ, ಗಾಯ ಅದೇ. ಕಚೇರಿಗಳು ಎರಡು.

1960ರಲ್ಲಿ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಪ್ರಾರಂಭವಾಯಿತು. ಅದೇ ದಶಕದಲ್ಲಿ ಕೇರಳದ ಹುಡುಗಿಯರು ಜರ್ಮನಿಯ ಆಸ್ಪತ್ರೆಗಳಿಗೆ ಹೋಗತೊಡಗಿದ್ದರು. ಎಪ್ಪತ್ತರ ದಶಕದಲ್ಲಿ ಕೊಲ್ಲಿಯ ಬಾಗಿಲು ತೆರೆಯಿತು. ಊರಿಗೆ ಬಂದ ಮನಿಯಾರ್ಡರು, ಮಂಗಳೂರು ಹೆಂಚಿನ ಜಾಗದಲ್ಲಿ ಎದ್ದ ತಾರಸಿ ಮನೆ, ತಂಗಿಯಂದಿರ ಮದುವೆ ನೋಡಿ ಜನರ ಮನಸ್ಸು ತಿರುಗಿತು. ಮಡಿ ಮೈಲಿಗೆಯ ಭಾಷಣಗಳಿಂದ ಆಗದ್ದು ಅದರಿಂದ ಆಯಿತು. ಒಂದು ಕಾಲಕ್ಕೆ ‘ಛೆ, ನರ್ಸೇ?’ ಎಂದ ಮನೆಯವರೇ ಮಗಳಿಗೆ ಸೀಟು ಸಿಗಲೆಂದು ಹರಕೆ ಹೊತ್ತರು. ಹುಡುಗರೂ ಬರತೊಡಗಿದರು.

ಬೇಡಿಕೆ ಬಂದಲ್ಲಿ ಅಂಗಡಿ ತೆರೆಯುತ್ತದೆ. ತೊಂಬತ್ತರ ದಶಕದಿಂದ ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಕಾಲೇಜುಗಳು ಮಳೆಗಾಲದ ಅಣಬೆಯಂತೆ ಎದ್ದವು. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕೋಟ್ಟಯಂ, ಪತ್ತನಂತಿಟ್ಟ, ಇಡುಕ್ಕಿಯ ಕಡೆಯಿಂದ ಮಕ್ಕಳು ರೈಲು ತುಂಬ ಮಂಗಳೂರಿಗೆ ಬಂದಿಳಿದರು. ಕಾಸರಗೋಡಿನವರು ದಾರಿಯ ನಡುವೆ ಅದೇ ರೈಲು ಹತ್ತಿದರು. ಹಿಂದೆ ಆಸ್ಪತ್ರೆಯೇ ಹುಡುಗಿಗೆ ಭತ್ಯ ಕೊಡುತ್ತಿತ್ತು. ಈಗ ಹುಡುಗಿ ಬ್ಯಾಂಕಿನಲ್ಲಿ ಸಾಲ ಮಾಡಿ ಕಾಲೇಜಿಗೆ ಫೀಸು ಕಟ್ಟಿದಳು.

ಇಲ್ಲಿ ಒಂದು ವಿಚಿತ್ರ ನಡೆಯಿತು. ಹಿಂದಿನವಳಿಗೆ ಕೆಲಸ ಹೆಚ್ಚಾಗಿ ಪಾಠಕ್ಕೆ ಹೊತ್ತಿರಲಿಲ್ಲ. ಈಗಿನವಳಿಗೆ ಪಾಠ ಬೇಕಾದಷ್ಟು, ಮುಟ್ಟಲು ರೋಗಿ ಇಲ್ಲ! ಕೌನ್ಸಿಲಿನ ನಿಯಮದಂತೆ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಬೇಕು, ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕು. ಸ್ವಂತ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಬಿದ್ದರೆ ಮಕ್ಕಳನ್ನು ಸರಕಾರಿ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ. ವೆನ್ಲಾಕಿನಲ್ಲಿ ಹಾಸಿಗೆಗಳು ಒಂಬೈನೂರಕ್ಕೂ ಮಿಕ್ಕಿ ಇದ್ದರೂ ಅಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ಹಲವು ಕಾಲೇಜುಗಳ ನರ್ಸಿಂಗ್ ವಿದ್ಯಾರ್ಥಿಗಳು, ಇತರ ತರಬೇತಿಯವರು ಎಲ್ಲರೂ ಸೇರುತ್ತಾರೆ. ನೀವು ಆ ಮಂಚದ ಮೇಲೆ ಮಲಗಿ ನೋಡಿದ್ದರೆ ಗೊತ್ತಿರುತ್ತದೆ. ಬೆಳಗ್ಗೆ ಒಂದು ಗುಂಪು ಜ್ವರ ನೋಡಿ ಹೋಗುತ್ತದೆ, ಗಳಿಗೆ ಕಳೆದು ಇನ್ನೊಂದು ಗುಂಪು ಅದೇ ಜ್ವರ ನೋಡಲು ಬರುತ್ತದೆ. ರೋಗಿಗೆ ರೇಗುವುದು ಸಹಜ. ಆದರೆ ಹಿಂದೆ ನಿಂತ ನಾಲ್ಕನೆಯ ಹುಡುಗಿಗೆ ಆ ದಿನ ಏನೂ ಕಾಣಿಸಲಿಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಸಂಜೆ ಹಾಸ್ಟೆಲಿಗೆ ಹೋಗಿ ಅವಳು ರೆಕಾರ್ಡ್ ಪುಸ್ತಕದಲ್ಲಿ ನೋಡಿದವರ ಹಾಗೆ ಬರೆಯುತ್ತಾಳೆ.

ಹೆರಿಗೆಯ ವಾರ್ಡಿನಲ್ಲಿ ಇದು ಇನ್ನೂ ಕಷ್ಟ. ಇಷ್ಟು ಹೆರಿಗೆ ನೋಡಿರಬೇಕು, ಇಷ್ಟು ಸ್ವತಃ ನಡೆಸಿರಬೇಕು ಎಂದು ಪುಸ್ತಕದಲ್ಲಿ ಲೆಕ್ಕವಿದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ನೂರು ಹೆರಿಗೆಗಳಲ್ಲಿ ಸುಮಾರು 39, ಕರ್ನಾಟಕದಲ್ಲಿ 31ಕ್ಕಿಂತ ಹೆಚ್ಚು ಸಿಸೇರಿಯನ್. ಮನೆಗೆ ಮಕ್ಕಳೂ ಒಂದೋ ಎರಡೋ. ಸಹಜ ಹೆರಿಗೆಗಾಗಿ ವಿದ್ಯಾರ್ಥಿನಿಯರು ರಾತ್ರಿಯಿಡೀ ಕಾದು ಕುಳಿತುಕೊಳ್ಳುತ್ತಾರೆ. ಹುಡುಗ ವಿದ್ಯಾರ್ಥಿಯಾದರೆ ಅವನನ್ನು ಬಾಗಿಲಲ್ಲೇ ತಡೆಯುವವರಿದ್ದಾರೆ. ಬೇಡವೆನ್ನುವ ಹಕ್ಕು ಬಾಣಂತಿಗೆ ಇದೆ, ಅದರಲ್ಲಿ ಎರಡು ಮಾತಿಲ್ಲ. ಪರೀಕ್ಷೆಯ ಪಟ್ಟಿ ಮಾತ್ರ ಹುಡುಗನಿಗೂ ಅದೇ. ಒಂದು ಊರಿನ ಸೂಲಗಿತ್ತಿ ತನ್ನ ಆಯುಷ್ಯದಲ್ಲಿ ಎಷ್ಟು ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದಳೋ, ಬರೆದಿಟ್ಟವರಿಲ್ಲ. ಓದಿದ ದಾದಿಗೆ ಇಂದು ಅದೇ ಕೆಲಸ ಎಣಿಕೆಗೆ ಸಿಗುತ್ತದೆ.

ಇನ್ನೊಂದು ತೊಡಕು ಪುಸ್ತಕಕ್ಕೂ ವಾರ್ಡಿಗೂ ನಡುವಿನದ್ದು. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಕ್ರಮವನ್ನು ತರಗತಿಯಲ್ಲಿ ಬೊಂಬೆಯ ಮೇಲೆ ಹೆಜ್ಜೆಹೆಜ್ಜೆಯಾಗಿ ಕಲಿಸಿರುತ್ತಾರೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂದು ಕೌನ್ಸಿಲಿನ ಅಳತೆ. ಅಷ್ಟು ಮಂದಿ ಇಲ್ಲದ ವಾರ್ಡಿನಲ್ಲಿ ಸಿಸ್ಟರಿಗೆ ಹೆಜ್ಜೆ ಎಣಿಸಲು ಪುರುಸೊತ್ತಿಲ್ಲ. ‘ಪುಸ್ತಕ ಆಚೆಗಿಡು, ಬೇಗ ಮುಗಿಸು’ ಎಂದು ಆಕೆ ಹೇಳುತ್ತಾಳೆ. ಸಂಜೆ ಟೀಚರು ಬಂದು ‘ಹೀಗೆ ಮಾಡಲು ಯಾರು ಹೇಳಿದರು?’ ಎಂದು ಕೇಳುತ್ತಾರೆ. ಇಬ್ಬರ ನಡುವೆ ನಿಂತವಳಿಗೆ ಹತ್ತೊಂಬತ್ತು ವರ್ಷ. ಎಲ್ಲರೆದುರು, ರೋಗಿಯ ಎದುರೇ, ಬೈಗುಳ ಕೇಳಿ ಕಣ್ಣೀರು ನುಂಗಿದವರು ಎಷ್ಟೋ ಮಂದಿ. ರೋಗಿಗಳೇ ಸಮಾಧಾನ ಹೇಳಿದ್ದೂ ಉಂಟು.

ಬಂಧುಗಳೇ, ಇನ್ನು ಹೇಳುವುದು ನಮ್ಮ ಗಡಿನಾಡಿನ ಸ್ವಂತ ವಿಚಾರ. ಭಾಷೆ.

ನಮ್ಮದು ಸಪ್ತಭಾಷೆಗಳ ನಾಡು ಎಂದು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಆಸ್ಪತ್ರೆಯ ಮಂಚದ ಬದಿಯಲ್ಲಿ ಆ ಏಳೂ ಭಾಷೆಗಳು ನಿಜವಾಗಿ ಎದ್ದು ಬರುತ್ತವೆ. ಮನುಷ್ಯ ವ್ಯವಹಾರವನ್ನು ಯಾವ ಭಾಷೆಯಲ್ಲಿ ಬೇಕಾದರೂ ಮಾಡಿಯಾನು, ನೋವನ್ನು ಹೇಳುವುದು ತಾಯಿಯ ಭಾಷೆಯಲ್ಲಿ. ಕನ್ನಡದವರಿಗೆ ಹೊಟ್ಟೆನೋವು, ತುಳುವರಿಗೆ ಬಂಜಿ ಬೇನೆ, ಮಲೆಯಾಳದವರಿಗೆ ವಯರು ವೇದನ, ಕೊಂಕಣಿಯ ಬಾಯಮ್ಮನಿಗೆ ‘ಪೊಟಾಂತ್ ದುಕ್ತಾ’. ಕೇಸ್ ಶೀಟು ಇಂಗ್ಲಿಷಿನಲ್ಲಿ. ಬುಡ್ಡಿಯೊಳಗಿನದ್ದು ಕನ್ನಡಕ್ಕೆ ಮದ್ದು, ತುಳುವಿಗೆ ಮರ್ದ್, ಮಲೆಯಾಳಕ್ಕೆ ಮರುನ್ನ್. ಒಂದೇ ಅಜ್ಜಿಯ ಮೊಮ್ಮಕ್ಕಳು ಎಂಬುದು ಕೇಳಿದರೇ ತಿಳಿಯುತ್ತದೆ. ಆದರೆ ದಕ್ಷಿಣದಿಂದ ಮೊದಲ ಸಲ ಬಂದ ಹದಿನೆಂಟರ ಹುಡುಗಿಗೆ ಅದು ತಿಳಿಯುವುದು ಹೇಗೆ? ಅವಳ ಭಾಷೆಯಲ್ಲಿ ‘ಪನಿ’ ಎಂದರೆ ಜ್ವರ. ತುಳುವಿನಲ್ಲಿ ಪನಿ ಎಂದರೆ ತುಂತುರು, ಇಬ್ಬನಿ. ‘ಪನಿ ಉಂಡೋ?’ ಎಂದು ಕೇಳಿದರೆ ಬೆಳ್ತಂಗಡಿಯ ಅಜ್ಜಿ ಕಿಟಕಿಯಾಚೆ ಮಳೆ ನೋಡಿಯಾಳು. ನಾವು ನಕ್ಕುಬಿಡಬಹುದು. ನಿನ್ನೆ ಎಷ್ಟು ಸಲ ಭೇದಿಯಾಯಿತು, ಎದೆನೋವು ತೋಳಿಗೆ ಇಳಿಯುತ್ತದೆಯೇ, ಹಿಂದೆ ಯಾವುದಾದರೂ ಇಂಜೆಕ್ಷನ್ ಮೈಗೆ ಒಗ್ಗದೆ ಹೋಗಿತ್ತೇ ಎಂದು ಕೇಳುವಾಗ ತಪ್ಪು ತಿಳಿದರೆ ನಗುವಂಥದ್ದು ಏನೂ ಉಳಿಯುವುದಿಲ್ಲ.

ಇಲ್ಲಿಯೇ ನಮ್ಮ ಮಕ್ಕಳಿಗೆ ಒಂದು ಬೆಲೆ ಬಂದದ್ದು. ಪೆರ್ಲದ ಕಡೆಯ ಒಬ್ಬಳು ಹುಡುಗಿ ಎಂದಿಟ್ಟುಕೊಳ್ಳಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲೆಯಾಳ. ಮಂಗಳೂರಿನ ವಾರ್ಡಿನಲ್ಲಿ ಅವಳು ಕೈ ತೊಳೆಯುವ ಮೊದಲೇ ನಾಲ್ಕು ಕಡೆಯಿಂದ ಕರೆ ಬರುತ್ತದೆ: ‘ಇಲ್ಲಿ ಬಾ, ಈ ಅಮ್ಮ ಏನು ಹೇಳುತ್ತಾರೆ ಕೇಳು’. ಕಾಸರಗೋಡಿನಿಂದ ಬಂದ ಮಲೆಯಾಳ ರೋಗಿಯ ಮಾತನ್ನು ಕನ್ನಡದ ಡಾಕ್ಟರಿಗೆ, ತುಳು ರೋಗಿಯ ಮಾತನ್ನು ಕೋಟ್ಟಯಂನ ಸಹಪಾಠಿಗೆ ಅವಳು ದಾಟಿಸುತ್ತಾಳೆ. ಇದಕ್ಕೆ ಅಂಕವಿಲ್ಲ. ಯಾವ ಪಠ್ಯಪಟ್ಟಿಯಲ್ಲೂ ಇದು ಒಂದು ವಿಷಯವಾಗಿ ಬಂದಿಲ್ಲ. ಅವಳ ಕಲಿಕೆಯ ಹೊತ್ತು ಮಾತ್ರ ಇದರಲ್ಲಿ ಖರ್ಚಾಗುತ್ತದೆ. ಹಿಂದಿನವರ ಎರಡು ಕೈಗಳನ್ನು ಬಳಸಿಕೊಂಡ ಹಾಗೆ ಇವಳ ನಾಲಗೆಯನ್ನು ಆಸ್ಪತ್ರೆ ಬಳಸಿಕೊಳ್ಳುತ್ತದೆ.

ಅದೇ ಹುಡುಗಿ ಮಂಗಳೂರಿಗೆ ಹೋಗದೆ ಕೇರಳದ ದಕ್ಷಿಣದ ಜಿಲ್ಲೆಯೊಂದರಲ್ಲಿ ಸೀಟು ಹಿಡಿದಳೆನ್ನಿ. ಆಗ ಕತೆ ತಿರುಗಿ ನಿಲ್ಲುತ್ತದೆ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಬಸ್ಸಿನ ಮಲೆಯಾಳ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ಹಳ್ಳಿಯ ಮನೆಗಳಿಗೆ ಹೋಗಿ ಗರ್ಭಿಣಿಯರ, ಮಕ್ಕಳ ವಿವರ ಬರೆದು ತರುವ ತರಬೇತಿಯಲ್ಲಿ ಅವಳು ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಗೀಚಿಕೊಂಡು, ರಾತ್ರಿ ಕುಳಿತು ಮಲೆಯಾಳ ಲಿಪಿಗೆ ಇಳಿಸಬೇಕಾಗುತ್ತದೆ. ಕಾಸರಗೋಡಿನ ಮಾತಿನ ಧಾಟಿಗೆ ಸಹಪಾಠಿಗಳು ನಗುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವ ಅಂಗರಚನೆಯ ಪರೀಕ್ಷೆ ಬೇರೆ. ನಾಲ್ಕು ಭಾಷೆ ಗೊತ್ತಿದ್ದೂ ಒಂದರಲ್ಲೂ ಪೂರಾ ಬಾರದು ಎಂಬ ಕೀಳರಿಮೆ ನಮ್ಮ ಮಕ್ಕಳಿಗೆ ಹುಟ್ಟುವುದು ಇಂಥಲ್ಲಿ. ನನಗೆ ಕೇಳಿದರೆ ಅದು ಅನ್ಯಾಯದ ಅರಿಮೆ. ಒಂದು ಉದಾಹರಣೆ ನೋಡಿ. ಮಲೆಯಾಳದ ‘ವೇದನ ಉಂಡೋ?’, ತುಳುವಿನ ‘ಬೇನೆ ಉಂಡಾ?’, ನಮ್ಮ ಕರಾವಳಿ ಕನ್ನಡದ ‘ನೋವುಂಟಾ?’. ಈ ಮೂರನ್ನೂ ಯೋಚಿಸದೆ ಕೇಳಬಲ್ಲವಳು ಯಾವ ದೊಡ್ಡ ಕಾಲೇಜಿನಿಂದಲೂ ತಯಾರಾಗಿ ಬರುವುದಿಲ್ಲ. ಕುಂಬಳೆ ಪೇಟೆಯಲ್ಲಿ ಬೆಳೆಯಬೇಕು.

ಭಾಷೆ ಕಲಿತರೂ ಕೆಲವು ಸಂಗತಿಗೆ ಯಾರೂ ತಯಾರು ಮಾಡಿರುವುದಿಲ್ಲ. ಮೊದಲ ಸಾವು. ಬೆಳಗ್ಗೆ ಬಾಯಿಗೆ ಗಂಜಿ ಹಾಕಿದವರನ್ನು ಮಧ್ಯಾಹ್ನ ಬಿಳಿ ಬಟ್ಟೆಯಲ್ಲಿ ಸುತ್ತಬೇಕು, ಆಮೇಲೆ ಊಟದ ಹಾಲಿಗೆ ಹೋಗಬೇಕು. ಸೂಜಿ ಚುಚ್ಚಿದರೆ ರೋಗ ತಗಲುವ ಹೆದರಿಕೆ ಯಾವಾಗಲೂ ಇದ್ದದ್ದೇ. 2018ರ ಮೇ ತಿಂಗಳಲ್ಲಿ ನಿಫಾ ಬಂದಾಗ ಕೋಝಿಕ್ಕೋಡಿನ ಪೇರಾಂಬ್ರ ತಾಲೂಕು ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿಕೊಂಡ ದಾದಿ ಲಿನಿ ತೀರಿಕೊಂಡ ಸುದ್ದಿ ಬಂದ ದಿನ, ನಮ್ಮ ಎಷ್ಟು ಮನೆಗಳಿಂದ ಹಾಸ್ಟೆಲುಗಳಿಗೆ ಫೋನು ಹೋಗಿರಬಹುದು ಎಂದು ಯೋಚಿಸಿ.

ರಾತ್ರಿ ಪಾಳಿಯ ಭಯವೂ ಇದೆ. ಇದನ್ನು ಹೇಳುವಾಗ ನಮ್ಮದೇ ಕರಾವಳಿಯ ಒಬ್ಬ ಮಗಳ ನೆನಪಾಗದೆ ಇರದು. ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಕೆಲಸ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿನ ಒಬ್ಬ ನೌಕರ ಆಕೆಯ ಮೇಲೆ ಎರಗಿದ. ಪ್ರಜ್ಞೆ ಮರಳದ ಆಕೆಯನ್ನು ಅದೇ ಆಸ್ಪತ್ರೆಯ ದಾದಿಯರು, ತಲೆಮಾರಿನಿಂದ ತಲೆಮಾರಿಗೆ, 2015ರ ಮೇ 18ರಂದು ಆಕೆ ತೀರಿಕೊಳ್ಳುವ ತನಕ 41 ವರ್ಷಕ್ಕೂ ಮಿಕ್ಕಿ ನೋಡಿಕೊಂಡರು. ಆಕೆಯ ಕಾಲಕ್ಕೆ ಹುಟ್ಟೇ ಇರದ ಹುಡುಗಿಯರು ಬಂದು ಆಕೆಗೆ ಊಟ ಕೊಟ್ಟರು, ಮಗ್ಗುಲು ಬದಲಿಸಿದರು. ದಯಾಮರಣದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ 2011ರಲ್ಲಿ ತೀರ್ಪು ಬಂದದ್ದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಬಟ್ಟೆ ಬದಲಿಸಲು ಒಂದು ಭದ್ರವಾದ ಕೋಣೆಯ ಪ್ರಶ್ನೆಯನ್ನು ಅಷ್ಟಾಗಿ ಯಾರೂ ಎತ್ತಿದಂತಿಲ್ಲ. ಬೇರೆ ಆಸ್ಪತ್ರೆಗೆ ತರಬೇತಿಗೆ ಹೋಗುವ ವಿದ್ಯಾರ್ಥಿನಿಯರನ್ನು ಕೇಳಿ ನೋಡಿ. ಚೀಲ ಇಡಲು, ಬುತ್ತಿ ಬಿಚ್ಚಲು, ಬಟ್ಟೆ ಬದಲಿಸಲು ಜಾಗ ಎಲ್ಲಿ ಎಂಬುದೇ ಅವರ ಮೊದಲ ದಿನದ ಚಿಂತೆ.

ಓದು ಮುಗಿದ ಮೇಲೆ ‘ಬಾಂಡ್’ ಎಂಬ ಹೆಸರಿನಲ್ಲಿ ಸರ್ಟಿಫಿಕೇಟು ಹಿಡಿದಿಟ್ಟುಕೊಂಡು ಚಿಲ್ಲರೆ ಸಂಬಳಕ್ಕೆ ದುಡಿಸಿಕೊಂಡ ಕತೆ ಬೇರೆಯೇ ಒಂದು ಭಾಷಣಕ್ಕಾದೀತು. 2011–12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರು ಮುಷ್ಕರ ಹೂಡಿದ್ದು, 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅವರ ಸಂಬಳದ ಬಗ್ಗೆ ಸಮಿತಿ ರಚಿಸಲು ಹೇಳಿದ್ದು ನಿಮಗೆ ನೆನಪಿದ್ದೀತು.

2020ರ ಮಾರ್ಚ್ ತಿಂಗಳ ಕೊನೆಗೆ ಬರೋಣ. ಕೊರೊನಾ ಕಾಲದಲ್ಲಿ ಕರ್ನಾಟಕ ಸರಕಾರ ತಲಪಾಡಿಯ ಹೆದ್ದಾರಿಯನ್ನೂ ಒಳದಾರಿಗಳನ್ನೂ ಮುಚ್ಚಿತು. ಕೆಲವೆಡೆ ರಸ್ತೆಗೆ ಮಣ್ಣು ಸುರಿಯಿತು. 1848ರಿಂದ ‘ನಮ್ಮ ದೊಡ್ಡಾಸ್ಪತ್ರೆ’ಯಾಗಿದ್ದ ಊರಿಗೆ ನಮ್ಮ ಆಂಬುಲೆನ್ಸ್ ಹೋಗದಾಯಿತು. ಡಯಾಲಿಸಿಸಿನವರು, ಹೃದಯದ ಕಾಯಿಲೆಯವರು ಗಡಿಯಲ್ಲಿ ಹಿಂದೆ ಸರಿದರು. ಹೊತ್ತಿಗೆ ಚಿಕಿತ್ಸೆ ಸಿಗದೆ ಕೆಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಬೇಕೆಂದು ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಬಳಿಕ ಷರತ್ತುಗಳೊಡನೆ ರೋಗಿಗಳನ್ನು ಬಿಡುವ ಏರ್ಪಾಡಾಯಿತು. ಗಡಿ ದಾಟಿ ಓದಲು, ಕೆಲಸಕ್ಕೆ ಹೋಗುತ್ತಿದ್ದವರಿಗೂ ಅದೇ ಗತಿ. ವಾರ್ಡಿನ ಪಾಠ ಮೊಬೈಲಿನ ಪರದೆಗೆ ಇಳಿಯಿತು. ನಾಡಿ ಹಿಡಿದು ನೋಡುವುದನ್ನು ಪರದೆಯ ಮೇಲೆ ಕಲಿಯುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಬಂದ ಹೆಸರು ಬದಿಯಡ್ಕದ ಆಚೆಗಿನ ಉಕ್ಕಿನಡ್ಕ. ಅಲ್ಲಿ ಕಾಸರಗೋಡು ವೈದ್ಯಕೀಯ ಕಾಲೇಜಿಗೆ 2013ರ ನವೆಂಬರ್ 30ರಂದು ಕಲ್ಲು ಹಾಕಿದ್ದರು. ಮುಗಿಯದೆ ನಿಂತಿದ್ದ ಕಾಲೇಜಿನ ಒಂದು ಕಟ್ಟಡವನ್ನು 2020ರ ಏಪ್ರಿಲಿನಲ್ಲಿ ತರಾತುರಿಯಿಂದ ಕೊರೊನಾ ಆಸ್ಪತ್ರೆ ಮಾಡಲಾಯಿತು. ತಿರುವನಂತಪುರದಿಂದ ವೈದ್ಯರೂ ದಾದಿಯರೂ ಸೇರಿ 26 ಮಂದಿಯ ತಂಡ ಬಸ್ಸಿನಲ್ಲಿ ಕೇರಳದ ಉದ್ದಕ್ಕೂ ಪ್ರಯಾಣ ಮಾಡಿ ಬಂತು. 2022ರ ಜನವರಿಯಲ್ಲಿ ಹೊರರೋಗಿ ವಿಭಾಗ ತೆರೆಯಿತು. 2023ರಲ್ಲಿ ಕಾಸರಗೋಡು ವೈದ್ಯಕೀಯ ಕಾಲೇಜಿನ ಹೆಸರಿನಲ್ಲಿ 60 ಸೀಟುಗಳ ಸರಕಾರಿ ಬಿ.ಎಸ್ಸಿ. ನರ್ಸಿಂಗ್ ಮಂಜೂರಾಯಿತು. ಎಂ.ಬಿ.ಬಿ.ಎಸ್.ಗೆ 50 ಸೀಟುಗಳ ಅನುಮತಿ ಸಿಕ್ಕಿದ್ದು 2025ರಲ್ಲಿ. ಡಾಕ್ಟರರಿಗಿಂತ ಮೊದಲು ದಾದಿಯರ ತರಗತಿ ಬಂತೆಂಬುದು ನನಗೆ ಒಳಗೊಳಗೇ ಸಂತೋಷದ ವಿಷಯ.

ಆದರೆ 2023ರಲ್ಲಿ ತರಗತಿ ಶುರುವಾದಾಗ ಉಕ್ಕಿನಡ್ಕದ ಆಸ್ಪತ್ರೆ ಕಟ್ಟಡ ಮುಗಿದಿರಲಿಲ್ಲ. ಒಳರೋಗಿಗಳ ವಾರ್ಡಿಲ್ಲ ಎಂದರೆ ಮಂಚವಿಲ್ಲ. ಮಂಚವಿಲ್ಲದ ಮೇಲೆ ಅದರ ಬದಿಯ ಪಾಠ ಎಲ್ಲಿಯದು? ಹಿಂದೆ ಆಸ್ಪತ್ರೆ ಮೊದಲು ಬಂದು, ಅದಕ್ಕೆ ಕೈಗಳು ಬೇಕೆಂದು ಶಾಲೆ ತೆರೆಯುತ್ತಿದ್ದರು. ನಮ್ಮಲ್ಲಿ ಶಾಲೆ ಬಂದು ಆಸ್ಪತ್ರೆಗಾಗಿ ಕಾಯಿತು. ಈ ಮಕ್ಕಳೂ ಬಿಳಿ ಕೋಟು ಮಡಚಿ ಚೀಲದಲ್ಲಿಟ್ಟುಕೊಂಡು ರೋಗಿಗಳಿರುವ ಊರಿನ ಬಸ್ಸು ಹತ್ತಬೇಕಾಯಿತು. ಬಸ್ಸು ತಲಪಾಡಿ ದಾಟಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ. ಅವರು ಹೋಗಿ ನಿಲ್ಲುವ ವಾರ್ಡಿನಲ್ಲಿ ಎಣ್ಮಕಜೆಯ ಅಜ್ಜಿಯೊಬ್ಬಳು ಮಲಗಿರುತ್ತಾಳೆ. ಕೊಲ್ಲದಿಂದ ಬಂದ ಹುಡುಗಿ ‘ವೇದನ ಉಂಡೋ ಅಮ್ಮೇ?’ ಎಂದು ಕೇಳುತ್ತಾಳೆ. ಅಜ್ಜಿಗೆ ಅರ್ಥವಾದದ್ದು ‘ಉಂಡೋ’ ಮಾತ್ರ. ‘ಉಂಡು ಮಗಾ, ಉಂಡು’ ಎನ್ನುತ್ತಾಳೆ.